ಜರಡಿ ಸಾಹೇಬರು ನಾಯಿಗೆ ಮೇಷ್ಟ್ರನ್ನು ಆರಿಸಿದ್ದು

"ಇಡೀ ಬೀಗದ ಕಾರ್ಖಾನೆಗೆ ಜನ ಆರಿಸಿದವನು ನಾನು! ಒಂದು ನಾಯಿಗೆ ಮೇಷ್ಟ್ರನ್ನ ಆರಿಸೋದು ನನಗೆ ಯಾವ ಮಹಾ ಕೆಲಸ?"

ಹೀಗೆಂದು ಸಾಹೇಬರು ಟೀ ಲೋಟವನ್ನು ಮೇಜಿನ ಮೇಲೆ ಕುಕ್ಕಿದರು. ಟೀ ಹಾರಿ ಅವರ ಬಿಳಿ ಅಂಗಿಯ ಮೇಲೆ ಬಿತ್ತು. ಹೆಂಡತಿ ಕಲೆಯನ್ನೊಮ್ಮೆ, ಗಂಡನ ಮುಖವನ್ನೊಮ್ಮೆ ನೋಡಿ ಒರೆಸುವ ಬಟ್ಟೆ ತಂದಳು.

ಸಾಹೇಬರು ಹೇಳಿದ್ದು ಸುಳ್ಳಲ್ಲ. ಬೀಗದ ಕಾರ್ಖಾನೆಯಲ್ಲಿ ಯಾರಿಗೆ ಕೆಲಸ ಕೊಡಬೇಕು, ಯಾರಿಗೆ ಬಾಗಿಲು ತೋರಿಸಬೇಕು ಎಂದು ತೀರ್ಮಾನಿಸುವವರು ಅವರೇ. ಎದುರಿಗೆ 'ಸಾಹೇಬರೇ' ಎನ್ನುವ ಜನ ಬೆನ್ನ ಹಿಂದೆ 'ಜರಡಿ ಸಾಹೇಬರು' ಎನ್ನುತ್ತಿದ್ದರು. ಅದು ಕಿವಿಗೆ ಬಿದ್ದಾಗ ಅವರಿಗೆ ಕೋಪ ಬರುವ ಬದಲು ಎದೆ ಉಬ್ಬಿತ್ತು. ಅವರ ಜರಡಿಗೆ ಒಂದು ಗುಟ್ಟಿತ್ತು. ಕೆಲಸ ಕೇಳಿ ಬಂದವನನ್ನು ಒಂದು ಕೋಣೆಯಲ್ಲಿ ಒಬ್ಬನೇ ಕೂರಿಸಿ, "ಈಗ ಬಂದೆ" ಎಂದು ಹೇಳಿ, ಪಕ್ಕದ ಕೋಣೆಗೆ ಹೋಗಿ, ಬಾಗಿಲನ್ನು ಬೆರಳು ತೂರುವಷ್ಟು ತೆರೆದು ಆ ಸಂದಿಯಿಂದ ನೋಡುತ್ತಾ ನಿಲ್ಲುವುದು! ಮೂಗಿಗೆ ಬೆರಳು ಹಾಕಿದವನು ಹೊರಗೆ. ಮೇಜಿನ ಮೇಲಿನ ಪೆನ್ನನ್ನು ಜೇಬಿಗೆ ಇಳಿಸಿದವನು ಹೊರಗೆ. ಏನೂ ಮಾಡದೆ ಗೊಂಬೆಯಂತೆ ಕೂತವನೂ ಹೊರಗೆ, ಏಕೆಂದರೆ ಅವನಿಗೆ ಈ ಗುಟ್ಟು ಯಾರೋ ಮೊದಲೇ ಹೇಳಿರಬೇಕು.

"ಎದುರಿಗೆ ಕೂತಾಗ ಎಲ್ಲರೂ ಸಂಭಾವಿತರೇ ಕಣೇ. ಯಾರೂ ನೋಡ್ತಿಲ್ಲ ಅಂದುಕೊಂಡಾಗ ಏನು ಮಾಡ್ತಾನೋ, ಅವನೇ ನಿಜವಾದ ಮನುಷ್ಯ!"

"ಯಾರೂ ನೋಡ್ತಿಲ್ಲ ಅಂದುಕೊಂಡಾಗ ನೀವು ಬೇರೆಯವರನ್ನ ಕದ್ದು ನೋಡ್ತೀರಿ. ಹಾಗಾದ್ರೆ ನೀವು ಎಂಥಾ ಮನುಷ್ಯ?" ಎಂದು ಹೆಂಡತಿ ಕೇಳಿದ್ದಳು. ಸಾಹೇಬರು ಆ ಪ್ರಶ್ನೆಯನ್ನು ಉತ್ತರಿಸಲು ಯೋಗ್ಯವಲ್ಲವೆಂದು ಬದಿಗಿಟ್ಟಿದ್ದರು.

ಇನ್ನು ನಾಯಿಯ ವಿಷಯ. ಮನೆಗೆ ತಂದಾಗ ಅದು ಅಂಗೈಯಲ್ಲಿ ಹಿಡಿಸುತ್ತಿತ್ತು. ಹೆಸರಿಡುವ ವಿಷಯದಲ್ಲಿ ಗಂಡ ಹೆಂಡತಿಗೆ ಒಮ್ಮತ ಬಾರದೆ ಅದು 'ಮರಿ' ಎಂದೇ ಉಳಿಯಿತು. ಈಗ ಆ ಮರಿ ನಿಂತರೆ ಊಟದ ಮೇಜಿನ ಮೇಲಿನ ತಟ್ಟೆಯಲ್ಲಿ ಏನಿದೆ ಎಂದು ಕತ್ತೆತ್ತದೆಯೇ ನೋಡಬಲ್ಲದು. ಕೂರು ಎಂದರೆ ಓಡುತ್ತದೆ, ಬಾ ಎಂದರೆ ಮಲಗುತ್ತದೆ, ಬೇಡ ಎಂದರೆ ತಿನ್ನುತ್ತದೆ. ಆದರೂ ಸಾಹೇಬರಿಗೆ ಅದರ ಮೇಲೆ ಪ್ರಾಣ. ಬೆಳಿಗ್ಗೆ ಅವರು ಬೂಟಿನ ದಾರ ಕಟ್ಟಲು ಬಗ್ಗಿದರೆ ಅದು ಬಂದು ಅವರ ಪಾದದ ಮೇಲೆ ತಲೆಯಿಟ್ಟು ಮಲಗುತ್ತಿತ್ತು. ಆ ಭಾರಕ್ಕಾಗಿಯೇ ಅವರು ದಾರವನ್ನು ಬಿಚ್ಚಿ ಬಿಚ್ಚಿ ಕಟ್ಟುತ್ತಿದ್ದರು. ಹಾಗಾಗಿ ಹೇಳಿದ ಮಾತು ಕೇಳದ್ದೊಂದೇ ತೊಂದರೆಯಾಗಿದ್ದರೆ ಯಾರೂ ಮೇಷ್ಟ್ರನ್ನು ಹುಡುಕುತ್ತಿರಲಿಲ್ಲ.

ತೊಂದರೆ ಶುರುವಾಗುತ್ತಿದ್ದದ್ದು ಸಂಜೆಗೆ.

ಹಾಲಿನ ಮೂಲೆಯಲ್ಲಿ ಒಂದು ಆರಾಮ ಕುರ್ಚಿ ಇತ್ತು. ಸಾಹೇಬರ ತಂದೆಯದು. ಆತ ಶಾಲೆಯಲ್ಲಿ ಡ್ರಿಲ್ ಮೇಷ್ಟ್ರಾಗಿದ್ದವರು, ತೀರಿಕೊಂಡು ವರ್ಷ ಕಳೆದಿತ್ತು. ಕುರ್ಚಿಯ ದಪ್ಪ ಬಟ್ಟೆ ಅವರ ಮೈಯ ಆಕಾರಕ್ಕೇ ಜೋತುಬಿದ್ದಿತ್ತು, ಈಗತಾನೇ ಎದ್ದು ನೀರು ಕುಡಿಯಲು ಹೋಗಿದ್ದಾರೋ ಎಂಬಂತೆ. ಅದರ ತೋಳಿಗೆ ಸದಾ ಒರಗಿರುತ್ತಿದ್ದ ಅವರ ಕೋಲು ಮಾತ್ರ ಆಮೇಲೆ ಎಲ್ಲಿ ಹೋಯಿತೋ ಯಾರಿಗೂ ಸಿಕ್ಕಿರಲಿಲ್ಲ. ಆ ಕೋಲಿನಿಂದ ಅವರು ಯಾರನ್ನೂ ಹೊಡೆದವರಲ್ಲ. ನೆಲಕ್ಕೆ ತಟ್ಟಿದರೆ ಸಾಕಿತ್ತು, ಇಡೀ ಶಾಲೆ ಉಸಿರು ಹಿಡಿಯುತ್ತಿತ್ತು.

ಕುರ್ಚಿಯ ಜಾಗಕ್ಕೆ ಸೋಫಾ ತರುವುದೆಂದು ಗಂಡ ಹೆಂಡತಿ ತೀರ್ಮಾನಿಸಿದರು. ಸಾಹೇಬರ ತಾಯಿಯನ್ನು ಕೇಳಿದಾಗ ಅವರು, "ನಿಮ್ಮ ಮನೆ, ನಿಮ್ಮಿಷ್ಟ" ಎಂದಷ್ಟೇ ಹೇಳಿ ತಮ್ಮ ಕೋಣೆಗೆ ಹೋದರು. ಅಮ್ಮನಿಗೆ ಕಿವಿ ಮಂದ. ಪ್ರಶ್ನೆ ಪೂರ್ತಿ ಕೇಳಿಸಿತೋ ಇಲ್ಲವೋ ಎಂದು ಸಾಹೇಬರಿಗೆ ಅನುಮಾನ ಬಂತು. ಉತ್ತರ ಅನುಕೂಲವಾಗಿದ್ದುದರಿಂದ ಅವರು ಮತ್ತೆ ಕೇಳಲು ಹೋಗಲಿಲ್ಲ.

ಅದಾಗಿ ಕೆಲವು ದಿನಕ್ಕೆ ಮರಿಯ ಆಟ ಮೊದಲಾಯಿತು. ಹೊರಗೆ ಬೆಳಕು ಮಾಸಿ, ದೀಪ ಹಾಕೋಣವೇ ಬೇಡವೇ ಎನ್ನುವ ಹೊತ್ತು. ಹಾಲಿನಲ್ಲಿ ಎಲ್ಲಿಂದಲೋ ಒಂದು ಸದ್ದು: ಟಕ್. ಹಳೆಯ ಮರದ ಹಲಗೆಯ ನೆಲ. ಸದ್ದು ಗೋಡೆಯೊಳಗಿಂದ ಬಂತೋ, ಕಾಲಡಿಯಿಂದ ಬಂತೋ ಹೇಳಲಾಗದು. ಯಾರ ಮಾತನ್ನೂ ಕೇಳದ ಮರಿ ಎದ್ದು, ನೆಟ್ಟಗೆ ಕುರ್ಚಿಯ ಮುಂದೆ ಹೋಗಿ, ಬೆನ್ನು ಸೆಟೆಸಿ ಕೂರುತ್ತಿತ್ತು. ಕೂತು ಕತ್ತನ್ನು ಸ್ವಲ್ಪ ಮೇಲೆತ್ತಿ, ಒಂದು ಮುಖ ಎಷ್ಟು ಎತ್ತರದಲ್ಲಿರಬೇಕೋ ಅಷ್ಟು ಎತ್ತರಕ್ಕೆ ನೋಡುತ್ತಿತ್ತು. ಮತ್ತೆ: ಟಕ್, ಟಕ್. ಮರಿ ತನ್ನ ಬಲಗಾಲನ್ನು ಎತ್ತಿ ಖಾಲಿ ಗಾಳಿಗೆ ಚಾಚುತ್ತಿತ್ತು. ಯಾರೋ ಹಿಡಿದುಕೊಂಡಿದ್ದಾರೆ ಎಂಬಂತೆ ಆ ಕಾಲು ಅಲ್ಲೇ ನಿಲ್ಲುತ್ತಿತ್ತು. ಬಾಲ ಮಾತ್ರ ನೆಲವನ್ನು ಮೆಲ್ಲಗೆ ಗುಡಿಸುತ್ತಿತ್ತು.

ಮೊದಲ ಸಲ ಇದನ್ನು ನೋಡಿದ ಹೆಂಡತಿಯ ಕೈಯಿಂದ ಇಸ್ತ್ರಿ ಬಟ್ಟೆಯ ಗಂಟು ಜಾರಿಬಿತ್ತು. "ರೀ… ಮಾವ ಬಂದು ಕೂತಿದ್ದಾರೆ."

"ಹುಚ್ಚಿ! ನಾಯಿಗೆ ಏನೋ ಹುಳ ಕಂಡಿರಬೇಕು" ಎಂದರು ಕೂತೇ ಇದ್ದ ಸಾಹೇಬರು.

"ಹುಳಕ್ಕೆ ಯಾರಾದ್ರೂ ಕೈ ಕೊಡ್ತಾರೇನ್ರೀ?"

ಕುರ್ಚಿ ಸಾಗಿಸಲು ಬಂದ ಹಳೇ ಸಾಮಾನಿನವನು ಅದರ ತೋಳಿಗೆ ಕೈ ಹಾಕಿದ. ಮರಿ ಓಡಿಬಂದು ಮುಂದೆ ಕೂತು, ಹೊಟ್ಟೆಯೊಳಗಿಂದ ಗುರ್ರೆಂದಿತು. ಆತ ಕೈ ಹಿಂದೆ ತೆಗೆದು, ಕುರ್ಚಿಯನ್ನೂ ನಾಯಿ ನೋಡುತ್ತಿದ್ದ ಎತ್ತರವನ್ನೂ ಒಂದು ಗಳಿಗೆ ನೋಡಿದ. "ಮೊದಲು ಕುರ್ಚಿ ಖಾಲಿ ಮಾಡಿಸಿ ಸಾರ್, ಆಮೇಲೆ ಕರೀರಿ" ಎಂದವನು ಖಾಲಿ ಗಾಡಿ ತಳ್ಳಿಕೊಂಡು ಹೊರಟೇಹೋದ.

ಅವತ್ತು ಅಡುಗೆಮನೆಯಲ್ಲಿ ಹೆಂಡತಿ ದನಿ ತಗ್ಗಿಸಿ ಕೊನೆಯ ಮಾತು ಹೇಳಿದಳು. "ನನಗೆ ಇನ್ನು ಆಗಲ್ಲ. ಅದಕ್ಕೆ ಒಳ್ಳೇ ಟ್ರೇನರ್ ಒಬ್ಬರನ್ನ ನೋಡಿ, ಈ ಚಾಳಿ ಬಿಡಿಸಿ. ಆಗಲಿಲ್ಲ ಅಂದ್ರೆ ನಿಮ್ಮ ಕಾರ್ಖಾನೆ ಹಿಂದಿನ ಗೇಟಿಗೆ ನಾಯಿ ಬೇಕು ಅಂತಿದ್ರಲ್ಲ, ಅಲ್ಲಿಗೆ ಕಳಿಸಿ. ಅದೂ ಆಗಲ್ಲ ಅಂದ್ರೆ ನಾನು ತವರಿಗೆ ಹೋಗ್ತೀನಿ."

ಕಾರ್ಖಾನೆಯ ಹಿಂದಿನ ಗೇಟು ಸಾಹೇಬರ ಕಣ್ಣ ಮುಂದೆ ಬಂತು. ತುಕ್ಕು ಹಿಡಿದ ತಗಡು, ಗಿಡ್ಡ ಸರಪಳಿ, ಪಾದದ ಮೇಲೆ ತಲೆಯಿಡಲು ಪಾದಗಳೇ ಇಲ್ಲದ ಜಾಗ. ಆ ಚಿತ್ರವನ್ನು ಮರೆಯಲೆಂದೇ ಅವರು ಟೀ ಲೋಟ ಕುಕ್ಕಿ, ನಾನು ಆಗಲೇ ಹೇಳಿದ ಆ ಮಹಾ ಪ್ರತಿಜ್ಞೆ ಮಾಡಿದ್ದು.

ಸಂದರ್ಶನ ಮನೆಯಲ್ಲೇ, ಆಫೀಸು ಮುಗಿಸಿ ಬಂದ ಮೇಲೆ. ವಿಧಾನ ಹಳೆಯದೇ: ಬಂದವರನ್ನು ನಾಯಿಯ ಜೊತೆ ಹಾಲಿನಲ್ಲಿ ಬಿಟ್ಟು ಸಾಹೇಬರು ಮಲಗುವ ಕೋಣೆಗೆ ಸೇರಿಕೊಳ್ಳುವುದು, ಬಾಗಿಲ ಸಂದಿಯಿಂದ ನೋಡುವುದು. ಬಾಗಿಲ ಹಿಂದೆ ಒಗೆಯುವ ಬಟ್ಟೆಯ ಬೆತ್ತದ ಬುಟ್ಟಿ ಇತ್ತು. ಎದುರು ಬದಿಯ ಕೋಣೆಯಲ್ಲಿ ಅಮ್ಮ ಮಲಗಿರುತ್ತಿದ್ದರು, ಅವರಿಂದ ಯಾವ ಅಡ್ಡಿಯೂ ಇರಲಿಲ್ಲ.

ಮೊದಲು ಬಂದವನು ತಲೆಗೆ ಟೋಪಿ, ಕೊರಳಿಗೆ ಸೀಟಿಗಳ ಮಾಲೆಯನ್ನೇ ತೊಟ್ಟಿದ್ದ. ಮೀಸೆ ಎರಡೂ ಕಡೆ ಬಾಗಿಲಿಗೆ ತಾಗುವಂತಿತ್ತು.

"ಸಾರ್, ಹುಲೀನ ಕೊಡಿ, ಬೆಕ್ಕು ಮಾಡಿ ಕೊಡ್ತೀನಿ! ನಾಯಿ ಅನ್ನೋದು ನನಗೆ ಟಿಫನ್ನು ಇದ್ದ ಹಾಗೆ!"

"ಟಿಫನ್ನಾ?" ಎಂದು ಮರಿಯ ಕಡೆ ನೋಡಿದರು ಸಾಹೇಬರು. ಟಿಫನ್ನು ಬಂದವನ ಮೊಣಕೈಯನ್ನು ಮೂಸುತ್ತಿತ್ತು. "ಸ್ವಲ್ಪ ಕೂತಿರಿ. ಈಗ ಬಂದೆ."

ಸಂದಿಯಿಂದ ಕಂಡದ್ದು: ಸೀಟಿಯವನು ಮೊದಲು ಸೋಫಾದ ಕ್ಯಾಟಲಾಗು ತಿರುವಿದ. ಆಮೇಲೆ ಒಂದು ಸೀಟಿ ಊದಿದ. ಮರಿ ಕಿವಿ ಕೆರೆದುಕೊಂಡಿತು. ದೊಡ್ಡ ಸೀಟಿ ಊದಿದ. ಮರಿ ಇನ್ನೊಂದು ಕಿವಿ ಕೆರೆದುಕೊಂಡಿತು. "ಲೇ, ಕೂತ್ಕೊಳೋ!" ಎಂದು ಗುಡುಗಿದ. ಮರಿ ಎದ್ದು ನಿಂತಿತು. ಕಿಟಕಿಯ ಬೆಳಕು ಮಾಸಿ ಕುರ್ಚಿಯ ಮೂಲೆ ಕಪ್ಪಾಯಿತು.

ಟಕ್.

ಬಾಗಿಲ ಹಿಂದೆ ಸಾಹೇಬರ ಮಂಡಿ ಅವರನ್ನು ಕೇಳದೆಯೇ ಮಡಿಚಿಕೊಂಡಿತು. ಅವರು ಧೊಪ್ಪನೆ ಬಟ್ಟೆ ಬುಟ್ಟಿಯ ಮೇಲೆ ಕೂತರು. ಹಾಲಿನಲ್ಲಿ ಮರಿ ಕುರ್ಚಿಯ ಮುಂದೆ ಹೋಗಿ ಕೂತಿತು.

ಟಕ್, ಟಕ್.

ಮರಿಯ ಬಲಗಾಲು ಗಾಳಿಗೆ ಎದ್ದಿತು. ಕತ್ತಲಲ್ಲಿ ಸಾಹೇಬರ ಬಲಗೈಯೂ ತಾನಾಗಿ ಮುಂದೆ ಚಾಚಿಕೊಂಡಿತು. ಆಸರೆಗೆ ಇರಬೇಕು ಎಂದುಕೊಂಡರು.

"ಯಾ… ಯಾರದು?" ಎಂದ ಹುಲಿಯನ್ನು ಬೆಕ್ಕು ಮಾಡುವವನು. ಬಾಯಲ್ಲೇ ಇದ್ದ ಸೀಟಿ ಅವನ ಉಸಿರಿಗೆ ತಾನೇ ಊದಿಕೊಳ್ಳತೊಡಗಿತು: ಪೀ… ಪೀ… ಪೀ… ಆ ಪೀಪಿ ಹಾಲಿನಿಂದ ಅಂಗಳಕ್ಕೆ, ಅಂಗಳದಿಂದ ಬೀದಿಗೆ, ಬೀದಿಯ ತಿರುವಿನವರೆಗೂ ಕೇಳಿಸಿತು. ಟೋಪಿ ಮಾತ್ರ ನಮ್ಮ ಸಾಹೇಬರ ಮನೆಯಲ್ಲೇ ಉಳಿಯಿತು.

"ಏನಾಯ್ತ್ರೀ?" ಎಂದು ಬಂದ ಹೆಂಡತಿಗೆ ಬುಟ್ಟಿಯ ಮೇಲೆ ಕೈ ಚಾಚಿ ಕೂತ ಗಂಡ ಕಂಡರು.

"ಆರಿಸಲಿಲ್ಲ. ಧೈರ್ಯ ಸಾಲದು" ಎಂದರು ಸಾಹೇಬರು, ಏಳಲಾಗದೆ.

ಎರಡನೆಯವರಿಗೆ ಸರ್ಟಿಫಿಕೇಟುಗಳದೇ ಬಲ. ಬರುವಾಗಲೇ ಎರಡು ಕೈಯಲ್ಲೂ ಫೈಲು. ಕೋಟು, ಟೈ, ಹೊಳೆಯುವ ಬೂಟು. ಸಾಹೇಬರಿಗೆ ನೋಡಿದ ಕೂಡಲೇ ಮನಸ್ಸು ತುಂಬಿತು. ಅರ್ಹತೆ ಎಂದರೆ ಇದು!

"ಇದು ಮೂಲಭೂತ ಶ್ವಾನ ಮನೋವಿಜ್ಞಾನ. ಇದು ಮುಂದುವರಿದ ಶ್ವಾನ ಮನೋವಿಜ್ಞಾನ. ಇದು ಬಾಲದ ಭಾಷೆ, ಅಂಚೆ ಮೂಲಕ" ಎನ್ನುತ್ತಾ ಆತ ಹಾಲಿನ ನೆಲದ ಮೇಲೆಲ್ಲ ಹಾಳೆ ಹರಡಿದರು. ನಡೆಯಲು ಜಾಗವೇ ಉಳಿಯಲಿಲ್ಲ.

"ನಾಯಿ ಜೊತೆ ಎಷ್ಟು ಕಾಲದಿಂದ ಕೆಲಸ ಮಾಡ್ತಿದ್ದೀರಿ?" ಎಂದು ಹೆಂಡತಿ ಬಾಗಿಲಿನಿಂದಲೇ ಕೇಳಿದಳು.

"ಮೇಡಂ, ನಾನು ಸಿದ್ಧಾಂತದ ಕಡೆಯವನು."

ಸಾಹೇಬರು ಹೆಂಡತಿಗೆ ಕಣ್ಣಲ್ಲೇ ಗದರಿ, "ಈಗ ಬಂದೆ" ಎಂದು ಹೇಳಿ ಕೋಣೆ ಸೇರಿದರು. ಒಂಟಿಯಾದ ಸರ್ಟಿಫಿಕೇಟಿನವರು ಟೈ ಸರಿಮಾಡಿಕೊಂಡರು, ಕಟ್ಟು ಹಾಕಿಸಿ ತಂದಿದ್ದ ಒಂದು ಸರ್ಟಿಫಿಕೇಟಿನ ಗಾಜಿನಲ್ಲಿ ಮುಖ ನೋಡಿಕೊಂಡು ತಲೆ ಬಾಚಿಕೊಂಡರು. ಮರಿ ಅವರ ಮುಂದುವರಿದ ಮನೋವಿಜ್ಞಾನದ ಮೇಲೆ ಕೆಸರುಗಾಲಿನಿಂದ ಮೊಹರು ಒತ್ತಿತು. ಆತ ನಿಟ್ಟುಸಿರು ಬಿಟ್ಟು, ಕೂರಲು ಜಾಗ ಹುಡುಕಿ, ಆರಾಮ ಕುರ್ಚಿಯ ಕಡೆ ಬೆನ್ನು ಮಾಡಿ ಬಗ್ಗಿದರು.

ಟಕ್!

ಈ ಸಲ ಸದ್ದಿನಲ್ಲಿ ಸಿಟ್ಟಿತ್ತು. ಸಾಹೇಬರು ಬುಟ್ಟಿಯ ಮೇಲೆ. ಮರಿ ಕುರ್ಚಿಯ ಮುಂದೆ, ಹಲ್ಲು ಹೊರಗೆ. ಸರ್ಟಿಫಿಕೇಟಿನವರು ಅರ್ಧ ಬಗ್ಗಿದವರು ಹಾಗೇ ನಿಂತು, ಕತ್ತು ತಿರುಗಿಸಿ, ಖಾಲಿ ಕುರ್ಚಿಗೆ ಹೇಳಿದರು: "ಕ್ಷಮಿಸಿ, ನೀವು ಕೂತಿದ್ದು ನೋಡಲಿಲ್ಲ."

ಹೇಳಿದ ಮೇಲೆ ಯಾರಿಗೆ ಹೇಳಿದೆ ಎಂದು ಯೋಚಿಸಿದರು. ಮುಖ ಹಾಳೆಯಂತೆ ಬಿಳುಚಿತು. ಟಕ್, ಟಕ್. ಮರಿ ಕಾಲೆತ್ತಿತು. ಆತ ಸಿದ್ಧಾಂತಗಳನ್ನೆಲ್ಲ ಬಾಚಿ ಎದೆಗೆ ಅವಚಿಕೊಂಡು, ಹಿಂದು ಹಿಂದಕ್ಕೆ ನಡೆಯುತ್ತಾ ಅಡುಗೆಮನೆಯ ಬಾಗಿಲಿಗೆ ಬಂದು ಪಿಸುಗುಟ್ಟಿದರು. "ಮೇಡಂ, ನಿಮ್ಮ ಯಜಮಾನರು ನನ್ನನ್ನ ಒಪ್ಪಬಹುದು. ಅಲ್ಲಿರೋ ದೊಡ್ಡ ಯಜಮಾನರು ಒಪ್ಪಲಿಲ್ಲ. ನಾನು ಬರ್ತೀನಿ." ಹಿಂಬಾಗಿಲಿನಿಂದ ಹೋದವರು ಮತ್ತೆ ಫೋನು ಕೂಡ ಎತ್ತಲಿಲ್ಲ.

ಅಲ್ಲಿಂದ ಮನೆಯ ಗಾಳಿಯೇ ಬದಲಾಯಿತು. ಹೆಂಡತಿ ಅಡುಗೆಮನೆಯಿಂದ ಕೋಣೆಗೆ ಹೋಗಬೇಕಾದರೂ ಗಂಡನ ಅಂಗಿಯ ತುದಿ ಹಿಡಿಯುತ್ತಿದ್ದಳು. ಸಂಜೆಯಾದರೆ ಹಾಲಿನಲ್ಲಿ ಎಲ್ಲ ದೀಪವನ್ನೂ ಹಾಕಿದರೂ ಆ ಮೂಲೆ ಮಾತ್ರ ಮಬ್ಬಾಗಿಯೇ ಇರುತ್ತಿತ್ತು. "ಎಲ್ಲಾ ಭ್ರಮೆ, ಎಲ್ಲಾ ಭ್ರಮೆ" ಎನ್ನುತ್ತಿದ್ದ ಸಾಹೇಬರು ಬೆಳಿಗ್ಗೆ ಆಫೀಸಿಗೆ ಹೊರಡುವಾಗ ಯಾರೂ ನೋಡದಂತೆ ಕುರ್ಚಿಯ ಕಡೆ ತಿರುಗಿ "ಹೋಗಿ ಬರ್ತೀನಪ್ಪಾ" ಎಂದು ಗೊಣಗತೊಡಗಿದರು. ಗೊಣಗಿದಾಗೆಲ್ಲ ಅವರ ಬೆನ್ನಿಗೆ ಚಳಿ ಹತ್ತುತ್ತಿತ್ತು. ಒಳಗೊಳಗೆ ಒಂದು ಬಗೆಯ ನೆಮ್ಮದಿಯೂ ಆಗುತ್ತಿತ್ತು. ಅಪ್ಪ ಇದ್ದಾಗ ಹೀಗೆ ಹೇಳಿ ಹೊರಟದ್ದು ಅವರಿಗೆ ನೆನಪೇ ಇರಲಿಲ್ಲ.

"ಅಮ್ಮಾ, ಸಂಜೆ ಹೊತ್ತು ನಿನಗೇನಾದ್ರೂ ಸದ್ದು ಕೇಳಿಸುತ್ತಾ?" ಎಂದು ತಾಯಿಯ ಕಿವಿಯ ಹತ್ತಿರ ಬಾಯಿಟ್ಟು ಕೇಳಿದರು.

"ಹಾಂ?"

"ಸದ್ದು! ಸದ್ದು!"

"ಕೇಳಿಸಿದ್ರೆ ಹೇಳ್ತಿರಲಿಲ್ವೇನೋ. ನನಗೆ ನೀನು ಕಿರುಚಿದ್ದೇ ಸರಿಯಾಗಿ ಕೇಳಿಸಲ್ಲ" ಎಂದು ಅಮ್ಮ ಗೋಡೆಯ ಕಡೆ ತಿರುಗಿ ಮಲಗಿದರು. ಮರಿ ಅವರ ಮಂಚದ ಕೆಳಗಿನಿಂದ ರಸ್ಕಿನ ಚೂರು ನೆಕ್ಕುತ್ತಾ ಹೊರಬಂತು. ಸಾಹೇಬರ ಜರಡಿಯಲ್ಲಿ ಆ ಚೂರು ಸಿಕ್ಕಿಕೊಳ್ಳಲಿಲ್ಲ.

ಮೂರನೆಯಾಕೆ ಬಂದದ್ದು ಕ್ಯಾನ್ವಾಸ್ ಬೂಟು ಹಾಕಿಕೊಂಡು, ಜೇಬು ತುಂಬ ಬಿಸ್ಕತ್ತಿನ ಪುಡಿ ತುಂಬಿಕೊಂಡು. ನಡುವಯಸ್ಸು, ಮೆಲು ಮಾತು.

"ಹೇಗೆ ಕಲಿಸ್ತೀರಿ?" ಎಂದರು ಸಾಹೇಬರು.

"ಹೊಡೆಯಲ್ಲ, ಕಿರುಚಲ್ಲ. ಮೊದಲು ಸುಮ್ಮನೆ ನೋಡ್ತೀನಿ."

"ಗ್ಯಾರಂಟಿ?"

"ಇಲ್ಲ. ಗ್ಯಾರಂಟಿ ಕೊಡೋರನ್ನ ನಂಬಬೇಡಿ. ನನ್ನ ಬಗ್ಗೆ ತಿಳಿಬೇಕು ಅಂದ್ರೆ ನಾನು ಕಲಿಸಿದ ನಾಯಿಗಳ ಮನೆಗೆ ಹೋಗಿ ಕೇಳಿ. ನನ್ನ ತರಗತಿಗೂ ಬಂದು ನೋಡಬಹುದು. ಕದ್ದು ನೋಡೋದು ಬೇಡ, ಎದುರಿಗೇ ಕೂತು ನೋಡಿ."

ಸಾಹೇಬರಿಗೆ ಚುರುಕ್ಕೆಂದಿತು. ಆಕೆಗೆ ಮನಸ್ಸಿನಲ್ಲೇ ಅಂಕ ಕಡಿಮೆ ಮಾಡಿದರು. ಆದರೆ ಆರಿಸಲು ಬೇರೆ ಯಾರು ಉಳಿದಿದ್ದರು? ಅವರ ದನಿ ತಾನಾಗಿ ಮುರಿಯಿತು. "ನೋಡಿಮ್ಮಾ, ನೀವೇ ಕೊನೆಯವರು. ನಿಮ್ಮಿಂದಲೂ ಆಗಲ್ಲ ಅಂದ್ರೆ ನಾಳೆ ಬೆಳಿಗ್ಗೆ ಮರೀನ ಕಾರ್ಖಾನೆ ಗೇಟಿಗೆ ಕಟ್ಟಬೇಕು. ಸರಪಳಿ ತಂದಾಗಿದೆ." ಮುಂಬಾಗಿಲ ಹಿಂದೆ ತೂಗುಹಾಕಿದ್ದ ಸರಪಳಿಯನ್ನು ಮುಟ್ಟಿ ತೋರಿಸಿದರು. ಅದು ಝಣ್ ಎಂದಿತು. "ಸ್ವಲ್ಪ ಕೂತಿರಿ" ಎಂದು ಕೋಣೆಗೆ ಹೋಗಿ ಸಂದಿಗೆ ಕಣ್ಣಿಟ್ಟರು.

ಆಕೆ ಕುರ್ಚಿಯಲ್ಲಿ ಕೂರಲಿಲ್ಲ. ನೆಲದ ಮೇಲೆ ಗೋಡೆಗೆ ಒರಗಿ ಕೂತಳು. ಸೀಟಿಯಿಲ್ಲ, ಮಾತಿಲ್ಲ. ಮರಿ ಬಂದು ಮೂಸಿತು, ಪಕ್ಕದಲ್ಲಿ ಮಲಗಿತು. ಕಿಟಕಿಯ ಬೆಳಕು ಇಳಿಯಿತು. ದಿನವೂ ಸದ್ದಾಗುವ ಹೊತ್ತು ಬಂತು. ಸದ್ದಾಗಲಿಲ್ಲ. ಮರಿ ತಲೆಯೆತ್ತಿ ಕಾಯಿತು. ಸಾಹೇಬರೂ ಕಾದರು. ಸದ್ದಾದರೆ ಭಯವಾಗುತ್ತಿದ್ದ ಮನೆಯಲ್ಲಿ ಈಗ ಸದ್ದಾಗದ್ದೇ ಹೆಚ್ಚು ಭಯವಾಯಿತು.

ಕೊನೆಗೆ, ಬಹಳ ಮೆಲ್ಲಗೆ, ತಟ್ಟಲೋ ಬೇಡವೋ ಎಂಬಂತೆ: ಟಕ್.

ಸಾಹೇಬರು ಬುಟ್ಟಿಯ ಮೇಲೆ ಕೂತರು. ಎರಡು ಸಲ ತಾಳಿಕೊಂಡಿದ್ದ ಬುಟ್ಟಿಗೆ ಅವತ್ತು ತಾಳ್ಮೆ ತಪ್ಪಿತು. ಲಟಲಟನೆ ಮುರಿದು, ಸಾಹೇಬರು ಕಾಲು ಮೇಲಾಗಿ ಕೊಳೆ ಬಟ್ಟೆಯೊಳಗೆ ಹೂತುಹೋದರು. ಹಾಲಿನಲ್ಲಿ ಮರಿ ಎದ್ದು ಕುರ್ಚಿಯ ಮುಂದೆ ಕೂತಿತು. ಕ್ಯಾನ್ವಾಸ್ ಬೂಟಿನಾಕೆ ಕುರ್ಚಿಯನ್ನು ನೋಡಲೇ ಇಲ್ಲ. ಮರಿಯ ಕಿವಿಗಳನ್ನು ನೋಡಿದಳು. ಒಂದು ಕಿವಿ ಕುರ್ಚಿಯ ಕಡೆಗಿತ್ತು, ಇನ್ನೊಂದು ಹಿಂದಕ್ಕೆ ತಿರುಗಿತ್ತು.

"ಬಾಗಿಲ ಹಿಂದೆ ಇರೋರು ಇಬ್ಬರೂ ಹೊರಗೆ ಬನ್ನಿ" ಎಂದಳು ಆಕೆ.

ಸಾಹೇಬರು ತಲೆಯ ಮೇಲೊಂದು ಕಾಲುಚೀಲ ಹೊತ್ತುಕೊಂಡೇ ಹೊರಬಂದರು. "ಇ… ಇಬ್ಬರು? ನಾನೊಬ್ಬನೇ ಇರೋದು."

"ಈ ಬಾಗಿಲ ಹಿಂದೆ ನೀವು. ಆ ಬಾಗಿಲ ಹಿಂದೆ?"

ಎಲ್ಲರೂ ತಿರುಗಿದರು. ಹಾಲಿನ ಆಚೆ ಬದಿಯ ಬಾಗಿಲು ಬೆರಳು ತೂರುವಷ್ಟು ತೆರೆದಿತ್ತು. ಆ ಕಪ್ಪು ಸಂದಿಯಲ್ಲಿ, ಮನುಷ್ಯರ ಎತ್ತರಕ್ಕೆ, ಒಂದು ಕಣ್ಣು ಹೊಳೆಯಿತು. ಅಡುಗೆಮನೆಯಿಂದ ಬಂದ ಹೆಂಡತಿ ಕಿಟಾರನೆ ಕಿರುಚಿ ಗಂಡನನ್ನು ತಬ್ಬಿಕೊಂಡಳು. ಸಾಹೇಬರು ನಾಯಿಯನ್ನು ತಬ್ಬಿಕೊಂಡರು. ಬಾಗಿಲು ಕಿರ್ರೆಂದು ತೆರೆಯಿತು.

ಅಮ್ಮ ನಿಂತಿದ್ದರು. ಕೈಯಲ್ಲಿ ಅಪ್ಪನ ಕೋಲು.

"ಮರೀನ ಗೇಟಿಗೆ ಕಟ್ಟಬೇಡ ಕಣೋ" ಎಂದರು ಅವರು. "ಅದರದೇನೂ ತಪ್ಪಿಲ್ಲ. ಬೇಕಾದ್ರೆ ಕುರ್ಚಿ ತಗೊಂಡು ಹೋಗಿ."

ಹೆಂಡತಿ ಗಂಡನ ತೋಳು ಬಿಟ್ಟು, "ಅತ್ತೇ, ನೀವಾ ಇಷ್ಟು ದಿನ?" ಎಂದಳು.

"ಮತ್ತಿನ್ಯಾರು? ಕುರ್ಚಿ ಕೊಡಬೇಡಿ ಅಂತ ಬಾಯಿಬಿಟ್ಟು ಹೇಳಿದ್ರೆ, ವಯಸ್ಸಾಯ್ತು, ಅರಳುಮರಳು ಅಂತಿದ್ರಿ. ನಾಯಿ ಹೇಳಿದ್ರೆ ಕೇಳ್ತೀರಿ ಅಂದುಕೊಂಡೆ. ಸಂಜೆ ಆದ್ರೆ ಅವರು ಅಲ್ಲಿ ಕೂರ್ತಿದ್ರು, ನಾನು ನನ್ನ ಕೋಣೆಯಿಂದ ನೋಡ್ತಿದ್ದೆ. ಈಗ ಮರಿ ಹೋಗಿ ಕೂತ್ರೆ, ಎದುರಿಗೆ ಅವರೂ ಇದ್ದಾರೆ ಅನ್ಸುತ್ತೆ. ಅಷ್ಟೇ ಕಣಮ್ಮಾ, ನನಗೆ ಬೇಕಾಗಿದ್ದು ಅಷ್ಟೇ."

ಸಾಹೇಬರಿಗೆ ಕಣ್ಣು ಮಂಜಾಯಿತು. ತಲೆಯ ಮೇಲಿದ್ದ ಕಾಲುಚೀಲ ತೆಗೆದು ಅದರಿಂದಲೇ ಒರೆಸಿಕೊಂಡರು. ಆದರೂ ಅಧಿಕಾರಿ ಅಧಿಕಾರಿಯೇ. "ಅಂದ್ರೆ, ಆ ಇಬ್ಬರನ್ನ ಓಡಿಸಿದ್ದು…"

"ನಾನೇ ಬೇಡ ಅಂದೆ. ಒಬ್ಬ ಕಿರುಚೋನು. ಇನ್ನೊಬ್ಬ ಕನ್ನಡಿ ನೋಡ್ಕೊಳ್ಳೋನು, ಸಾಲದ್ದಕ್ಕೆ ಅವರ ಕುರ್ಚೀಲೇ ಕೂರೋಕೆ ಬಂದ. ಸಂದಿಯಿಂದ ನೋಡಿದ್ರೆ ಎಲ್ಲಾ ಗೊತ್ತಾಗುತ್ತಪ್ಪ. ಆ ಬುದ್ಧಿ ನಿನಗೆ ಯಾರ ಕಡೆಯಿಂದ ಬಂತು ಅಂದುಕೊಂಡಿದ್ದೆ?"

ಕ್ಯಾನ್ವಾಸ್ ಬೂಟಿನಾಕೆಯ ಕಣ್ಣು ಕೋಲಿನ ಮೇಲಿತ್ತು. "ಅಜ್ಜೀ, ಒಂದು ಮಾತಿಲ್ಲ, ಒಂದು ಏಟಿಲ್ಲ, ಕೋಣೆಯ ಆಚೆಯಿಂದ ಕಲಿಸಿದ್ದೀರಿ. ನನ್ನ ಶಿಷ್ಯರಿಗೆ ಇದು ಬರಲ್ಲ. ಎಲ್ಲಿ ಕಲಿತ್ರಿ?"

ಅಮ್ಮ ಕೋಲಿನ ತುದಿಯಿಂದ ಮಗನನ್ನು ತೋರಿಸಿದರು. "ಇವನ ಮೇಲೆ."

"ನನ್ನ ಮೇಲಾ!"

"ಚಿಕ್ಕವನಿದ್ದಾಗ ಒಂದು ಮಾತು ಕೇಳ್ತಿರಲಿಲ್ಲ ಇವನು. ಕೂರು ಅಂದ್ರೆ ಓಡ್ತಿದ್ದ, ಬಾ ಅಂದ್ರೆ ಮಲಗ್ತಿದ್ದ. ಇವರಪ್ಪ ಬೈಲಿಲ್ಲ, ಹೊಡೀಲಿಲ್ಲ. ಒಂದು ಸಲ ತಟ್ಟಿದ್ರೆ ಓದೋಕೆ ಕೂರಬೇಕು. ಎರಡು ಸಲ ತಟ್ಟಿದ್ರೆ ಕೈ ಚಾಚಬೇಕು, ಉಗುರು ನೋಡೋಕೆ. ಆಮೇಲೆ ಒಂದು ರಸ್ಕು. ನಾನು ನೋಡಿ ನೋಡಿ ಕಲಿತೆ. ಮರಿ ಬೇಗ ಕಲೀತು. ಇವನಿಗೇ ಬಹಳ ದಿನ ಹಿಡೀತು."

"ಸುಳ್ಳು! ನನಗೆ ಅದೆಲ್ಲ ನೆನಪೇ ಇಲ್ಲ" ಎಂದು ಸಾಹೇಬರು ಎದೆಯುಬ್ಬಿಸಿದರು. "ನಾನು ಒಬ್ಬ ಜವಾಬ್ದಾರಿಯುತ…"

ಟಕ್.

ಸಾಹೇಬರು ನೆಲದ ಮೇಲೆ ಕೂತಿದ್ದರು. ಪಕ್ಕದಲ್ಲಿ ಮರಿ ಕೂತಿತ್ತು. ಇಬ್ಬರ ಬೆನ್ನೂ ಒಂದೇ ಸಮ ನೆಟ್ಟಗಿತ್ತು. ಹೆಂಡತಿ ಬಾಯಿಗೆ ಸೆರಗು ಒತ್ತಿಕೊಂಡಳು, ಅದರಿಂದ ಪ್ರಯೋಜನವಾಗಲಿಲ್ಲ. ಅಷ್ಟು ದಿನದ ಹೆದರಿಕೆಯೆಲ್ಲ ನಗುವಾಗಿ ಹೊರಬಿದ್ದು, ನಕ್ಕು ನಕ್ಕು ಗೋಡೆ ಹಿಡಿದುಕೊಂಡಳು. "ಒಂದು ಬುಟ್ಟಿ ಹಾಳಾಗಿದ್ದು ಯಾಕೆ ಅಂತ ಈಗ ಗೊತ್ತಾಯ್ತು!"

ಕುರ್ಚಿ ಉಳಿಯಿತು. ಸೋಫಾದ ಕ್ಯಾಟಲಾಗನ್ನು ಮರಿ ತಿಂದಿತು. ಸರಪಳಿ ಕಾರ್ಖಾನೆಗೆ ವಾಪಸ್ಸು ಹೋಯಿತು. ಮತ್ತು ಸಾಹೇಬರು ಆರಿಸಲು ಹೊರಟಿದ್ದ ಕ್ಯಾನ್ವಾಸ್ ಬೂಟಿನಾಕೆಯೇ ಅಮ್ಮನನ್ನು ಆರಿಸಿಕೊಂಡಳು! ತನ್ನ ತರಗತಿಗೆ ಬಂದು ನಾಯಿಗಳಿಗೂ, ನಾಯಿ ಸಾಕಿದವರಿಗೂ ಕೋಲು ತಟ್ಟಿ ತೋರಿಸಬೇಕೆಂದು ಕೇಳಿಕೊಂಡಳು. ಅಮ್ಮನಿಗೆ ಆ ಮಾತು ಒಂದೇ ಸಲಕ್ಕೆ ಸ್ಪಷ್ಟವಾಗಿ ಕೇಳಿಸಿತು. ಅವರು ಹೊಸ ಚಪ್ಪಲಿ ಮೆಟ್ಟಿ, ಅಪ್ಪನ ಕೋಲು ಹಿಡಿದು ಸಂಜೆ ಸಂಜೆ ಹೊರಡತೊಡಗಿದರು. ಕೇಳಿದವರಿಗೆಲ್ಲ ಹೆಂಡತಿ ಹೇಳುತ್ತಿದ್ದಳು: "ನಮ್ಮತ್ತೆಗೆ ಕೆಲಸ ಸಿಕ್ಕಿದೆ. ಸಂದರ್ಶನ ನಮ್ಮನೆಯವರೇ ಏರ್ಪಾಡು ಮಾಡಿದ್ದು."

ಅಮ್ಮ ಮೊದಲ ಸಲ ತರಗತಿಗೆ ಹೋದ ಸಂಜೆ. ಗಂಡ ಹೆಂಡತಿ ಹಾಲಿನಲ್ಲಿ ಟೀ ಕುಡಿಯುತ್ತಿದ್ದರು. ಹೆದರುವಂಥದ್ದು ಏನೂ ಉಳಿದಿರಲಿಲ್ಲವಾದ್ದರಿಂದ ದೀಪ ಕೂಡ ಹಾಕಿರಲಿಲ್ಲ. ಮರಿ ಸಾಹೇಬರ ಪಾದದ ಮೇಲೆ ತಲೆಯಿಟ್ಟಿತ್ತು. ಕಿಟಕಿಯ ಬೆಳಕು ಮಾಸಿತು.

ಟಕ್.

ಮರಿ ಎದ್ದು ಕುರ್ಚಿಯ ಮುಂದೆ ಹೋಗಿ ಕೂತಿತು. ಕತ್ತು ಮೇಲೆತ್ತಿ, ಬಾಲದಿಂದ ನೆಲ ಗುಡಿಸತೊಡಗಿತು. ಸಾಹೇಬರಿಗೆ ತಾವು ಕೂತಿದ್ದಲ್ಲಿಂದ ಯಾವಾಗ ಇಳಿದದ್ದೆಂದು ತಿಳಿಯಲಿಲ್ಲ. ಅವರೂ ಅದರ ಪಕ್ಕದಲ್ಲಿ ನೆಲದ ಮೇಲಿದ್ದರು.

"ಅತ್ತೆ ಬಂದ್ರಾ?" ಎಂದು ಹೆಂಡತಿ ಎದ್ದು ಹೋಗಿ ಆಚೆ ಕೋಣೆಯ ಬಾಗಿಲು ಪೂರ್ತಿ ತೆರೆದು ನೋಡಿದಳು. ಮಂಚ ಖಾಲಿ ಇತ್ತು. ಚಪ್ಪಲಿಯಿಲ್ಲ, ಕೋಲಿಲ್ಲ. ಹಿಂದಿರುಗಿ ಬಂದವಳು ಹೊಸಿಲಿನಲ್ಲೇ ನಿಂತುಬಿಟ್ಟಳು.

ಟಕ್, ಟಕ್.

ಮರಿ ಬಲಗಾಲನ್ನು ಎತ್ತಿ ಚಾಚಿತು. ಸಾಹೇಬರ ಕೈಯೂ ನಿಧಾನವಾಗಿ ಮೇಲೆದ್ದು, ಬೆರಳು ಬಿಡಿಸಿಕೊಂಡು, ಮಬ್ಬಿನೊಳಗೆ ಚಾಚಿ ನಿಂತಿತು. ಜೋತುಬಿದ್ದ ಬಟ್ಟೆ ಮುಂದಕ್ಕೆ ಬಾಗಿದಂತೆ ಕುರ್ಚಿ ಸಣ್ಣಗೆ ಕಿರುಗುಟ್ಟಿತು.

"ರೀ" ಎಂದಳು ಹೆಂಡತಿ, ಉಸಿರಿಗಿಂತ ಮೆಲ್ಲಗೆ. "ಉಗುರು ಕತ್ತರಿಸಿದ್ದೀರಿ ತಾನೇ?"

ಕತ್ತರಿಸಿರಲಿಲ್ಲ.